ಮೇಲೂರಿನ ಸೊಸೆಗೆ ಸುಗುಣಮ್ಮ ಕೊಟ್ಟ ಜೀವ

ಚಿಕ್ಕಬಳ್ಳಾಪುರದ ಮಿಷನ್ ಆಸ್ಪತ್ರೆಯಲ್ಲಿ ಡಾಕ್ಟರಮ್ಮನ ಕತ್ತರಿಗೆ ಹೆದರದವರು ಸಿಕ್ಕಾರು, ಆಯಾ ಸುಗುಣಮ್ಮನ ಬಾಯಿಗೆ ಹೆದರದವರು ಒಬ್ಬರೂ ಇರಲಿಲ್ಲ. ಹೊಟ್ಟೆ ಕೊಯ್ಯಿಸಿಕೊಂಡು ಮಲಗಿದವರಿಗೆ ಸೆರಗಿನ ಮರೆಯಲ್ಲಿ ರಾಗಿಮುದ್ದೆ ಸಾಗಿಸುವ ನೆಂಟರನ್ನು ಆಕೆ ಗೇಟಿನಲ್ಲೇ ಹಿಡಿಯುತ್ತಿದ್ದಳು. "ಸಾಯಿಸಬೇಕು ಅಂತಿದ್ರೆ ಮನೇಲೇ ಸಾಯಿಸಬಹುದಾಗಿತ್ತಲ್ಲಮ್ಮ, ಇಲ್ಲಿಗಂಟ ಬಸ್ ಚಾರ್ಜು ಯಾಕೆ ದಂಡ ಮಾಡಿದ್ರಿ?" ಎಂದು ಇಡೀ ವರಾಂಡಕ್ಕೆ ಕೇಳುವಂತೆ ಕೂಗುವಳು. ಅದೇ ಸುಗುಣಮ್ಮ, ಬೇರೆ ಯಾರೂ ಮುಟ್ಟಲಾರದ ಗಾಯದ ಬಟ್ಟೆಯನ್ನು ಮೂಗು ಮುಚ್ಚದೆ ಒಗೆಯುವಳು. ಮಲಗಿದಲ್ಲೇ ಎಲ್ಲ ಮಾಡಿಕೊಂಡ ಮುದುಕನನ್ನು ಬೈಯುತ್ತಲೇ ತೊಳೆದು, ಬೈಯುತ್ತಲೇ ಒಗೆದ ಪಂಚೆ ಉಡಿಸುವಳು. ಬೈಗುಳವಿಲ್ಲದೆ ಆಕೆಗೆ ಕೈಯೇ ಓಡುತ್ತಿರಲಿಲ್ಲ ಅಂತ ಕಾಣುತ್ತದೆ.

ಹುಟ್ಟಿದ್ದು ವಿದುರಾಶ್ವತ್ಥದ ಕಡೆಯ ಒಂದು ಹಳ್ಳಿಯ ಕೇರಿಯಲ್ಲಿ. ನಂದಿಯಲ್ಲಿ ಕಲ್ಲು ಒಡೆಯುತ್ತಿದ್ದ ಗಂಡ ಬಂಡೆಯ ಕೆಳಗೆ ಸಿಕ್ಕಿ ಸತ್ತ. ಮಕ್ಕಳಿರಲಿಲ್ಲ. ಸೊಸೆಯ ಕಾಲ್ಗುಣ ಸರಿಯಿಲ್ಲ ಎಂದು ಅತ್ತೆಮನೆಯವರು ಕೈತೊಳೆದುಕೊಂಡರು. ಮಿಷನ್ನಿನವರು ಕೆಲಸವನ್ನೂ ಆಸ್ಪತ್ರೆಯ ಹಿಂದೆ ಒಂದು ಕೋಣೆಯನ್ನೂ ಕೊಟ್ಟರು. ಕೆಲವು ವರ್ಷ ಕಳೆದ ಮೇಲೆ ತಾನಾಗಿಯೇ ಹೋಗಿ ದೀಕ್ಷಾಸ್ನಾನ ಮಾಡಿಸಿಕೊಂಡು ಸುಗುಣಮ್ಮ ಎಂಬ ಹೆಸರು ಪಡೆದಳು. ಹಳೆಯ ಹೆಸರು ಏನಿತ್ತು ಎಂದು ಯಾರಾದರೂ ಕೇಳಿದರೆ, "ಮುಂಡೆ ಅಂತ ಕರೀತಿದ್ರು, ಸಾಕಾ?" ಎನ್ನುವಳು. ಕೇಳಿದವರು ಮತ್ತೆ ಆ ತಂಟೆಗೆ ಹೋಗುತ್ತಿರಲಿಲ್ಲ.

ಭಾನುವಾರ ಚರ್ಚಿನಲ್ಲಿ ಅಯ್ಯನವರು, ಅಂದರೆ ಪಾದ್ರಿಗಳು, ಒಂದು ಮಾತನ್ನು ಮೇಲಿಂದ ಮೇಲೆ ಹೇಳುತ್ತಿದ್ದರು. ಸ್ವಾಮಿ ಬಂದದ್ದು ಸೇವೆ ಮಾಡಿಸಿಕೊಳ್ಳಲು ಅಲ್ಲ, ಮಾಡಲು. ಎಲ್ಲರ ಬಿಡುಗಡೆಗೆ ತನ್ನ ಜೀವವನ್ನೇ ಈಡಾಗಿ ಕೊಟ್ಟ ಎಂದು. ಉಳಿದವರು ತೂಕಡಿಸುತ್ತಿದ್ದರೆ ಸುಗುಣಮ್ಮನಿಗೆ ತನ್ನ ಹಳ್ಳಿಯ ಕರೀಕೋಳಿ ನೆನಪಾಗುತ್ತಿತ್ತು. ಅಲ್ಲಿ ಯಾರಿಗಾದರೂ ಕಾಯಿಲೆ ಕೈಮೀರಿದರೆ ಕೋಳಿಯೊಂದನ್ನು ರೋಗಿಗೆ ನಿವಾಳಿಸಿ ಊರಾಚೆ ಬಿಟ್ಟುಬರುತ್ತಿದ್ದರು. ಜೀವಕ್ಕೆ ಜೀವ, ಪೀಡೆಯೆಲ್ಲ ಕೋಳಿಯ ಪಾಲು. ಅದನ್ನು ಹಿಡಿಯುವಂತಿಲ್ಲ, ತಿನ್ನುವಂತಿಲ್ಲ. ಅದೇನಾದರೂ ದಾರಿ ಹುಡುಕಿಕೊಂಡು ಬಂದು ಮತ್ತೆ ಹೊಸ್ತಿಲು ದಾಟಿತೋ, ಹೋದ ಪೀಡೆಯೂ ಜೊತೆಗೇ ಒಳಗೆ ಬಂದಂತೆ.

"ಆ ಕೋಳಿ ಆಮೇಲೆ ಏನಾಯ್ತು ಅಂತ ಯಾರೂ ಕೇಳ್ತಿರಲಿಲ್ಲ, ಅಯ್ಯನೋರೆ," ಎಂದಳು ಒಂದು ಸಲ.

"ಕೋಳೀನ ಹಿಡ್ಕೊಂಡು ಬರ್ತಾರಮ್ಮ. ಸ್ವಾಮಿ ತಾನಾಗೇ ಬಂದ," ಎಂದರು ಅಯ್ಯನವರು. ಆ ಮಾತು ಆಕೆಯ ತಲೆಯಲ್ಲಿ ಬಹಳ ದಿನ ಕೊರೆಯಿತು.

ಐವತ್ತೆಂಟನೆಯ ಇಸವಿಯ ಒಂದು ಮಧ್ಯಾಹ್ನ ಮೇಲೂರಿನಿಂದ ರೇಷ್ಮೆಗೂಡಿನ ಲಾರಿಯಲ್ಲಿ ಒಬ್ಬ ಬಾಣಂತಿಯನ್ನು ಹೊತ್ತು ತಂದರು. ರಾಮಲಕ್ಷ್ಮಮ್ಮ, ಜಮೀನುದಾರರ ಮನೆಯ ಸೊಸೆ. ಹೆರಿಗೆ ಮನೆಯಲ್ಲೇ ಆಗಿ ಹೆಣ್ಣುಮಗು ಗುಂಡುಕಲ್ಲಿನಂತಿತ್ತು. ತಾಯಿಯ ರಕ್ತ ಮಾತ್ರ ನಿಂತಿರಲಿಲ್ಲ. ಡಾಕ್ಟರಮ್ಮ ಹೇಗೋ ನಿಲ್ಲಿಸಿದರು. ಆದರೆ ಹೋದ ರಕ್ತವನ್ನು ತುಂಬದಿದ್ದರೆ ಆಕೆ ಸಂಜೆ ಕಾಣುವುದಿಲ್ಲ ಎಂದುಬಿಟ್ಟರು.

ಗಂಡ ಆವಲಪ್ಪನ ರಕ್ತ ಪರೀಕ್ಷೆ ಮಾಡಿದರು, ಹೊಂದಿತು. ಅವನು ಶರಟಿನ ತೋಳು ಮಡಿಚಿ ಎದ್ದ. ಅಷ್ಟರಲ್ಲಿ ಅವನ ತಾಯಿ ಅಮ್ಮಾಜಮ್ಮ ಅವನ ಕಾಲಿಗೆ ಜೋತುಬಿದ್ದಳು.

"ವದ್ದು ನಾಯನಾ, ಬೇಡ ಕಣಪ್ಪಾ! ಒಬ್ಬರ ರಕ್ತ ಇನ್ನೊಬ್ಬರಿಗೆ ಹೋದ್ರೆ ಆಯುಸ್ಸೂ ಹೋಗ್ತದೆ. ಇರೋದು ನೀನೊಬ್ಬ. ನನ್ನ ಹೆಣದ ಮೇಲೆ ಹೋಗು!"

ಬಾವಿಯಲ್ಲಿ ನೀರು ಊರುವಂತೆ ರಕ್ತ ಮತ್ತೆ ಊರುತ್ತದೆ ಎಂದು ಡಾಕ್ಟರಮ್ಮ ಎಷ್ಟು ಹೇಳಿದರೂ ಮುದುಕಿ ಹಿಡಿದ ಕಾಲು ಬಿಡಲಿಲ್ಲ. ಆವಲಪ್ಪ ತಾಯಿಯ ಮುಖ ನೋಡಿದ, ಬಾಗಿಲ ಕಡೆ ನೋಡಿದ, ಮಡಿಚಿದ್ದ ತೋಳನ್ನು ಮೆಲ್ಲಗೆ ಕೆಳಗಿಳಿಸಿದ. ಎಂಥಾ ಗಂಡಸೋ ಎಂದು ಯಾರಾದರೂ ಉಗಿಯಬೇಕು, ಆದರೆ ಆ ಹೊತ್ತಿಗೆ ಪುರುಸೊತ್ತಿರಲಿಲ್ಲ.

ಸುಗುಣಮ್ಮ ಬಾಗಿಲಲ್ಲೇ ನಿಂತಿದ್ದಳು. ಆಕೆಯ ರಕ್ತ ಯಾರಿಗೆ ಬೇಕಾದರೂ ಕೊಡಬಹುದಾದ ಜಾತಿಯದು. ಹಿಂದೆ ಎಲ್ಲ ಕೆಲಸಗಾರರ ರಕ್ತ ಪರೀಕ್ಷೆ ಮಾಡಿದಾಗ ಗೊತ್ತಾಗಿತ್ತು. ಗೊತ್ತಾದಂದಿನಿಂದ, ರಕ್ತದ ಮಾತು ಬಂದಾಗಲೆಲ್ಲ ಆಕೆಗೆ ಒಗೆಯಬೇಕಾದ ಬಟ್ಟೆ ನೆನಪಾಗುತ್ತಿತ್ತು. ಬೇರೆಯವರಿಗೆ "ಏನೂ ಆಗಲ್ಲ, ಕೊಡ್ರೀ" ಎಂದು ಗದರುತ್ತಿದ್ದುದು ನಿಜ. ಆದರೆ ಅದು ಬಾಯಿಪಾಠ. ಒಳಗೆ ಅಮ್ಮಾಜಮ್ಮನ ನಂಬಿಕೆಯೇ ಆಕೆಯದೂ ಆಗಿತ್ತು. ರಕ್ತ ಕೊಟ್ಟವರ ಜೀವ ತಗೊಂಡವರಿಗೆ ಹೋಗುತ್ತದೆ.

ಮಂಚದ ಮೇಲಿದ್ದ ಹುಡುಗಿ ಒಂದು ಸಲ ಕಣ್ಣು ತೆರೆದು ಮಗು ಎಲ್ಲಿ ಎನ್ನುವಂತೆ ಕೈ ತಡಕಾಡಿದಳು. ಸುಗುಣಮ್ಮ ಸೊಂಟದಿಂದ ಬೀಗದಕೈ ತೆಗೆದು ಇನ್ನೊಬ್ಬ ಆಯಾ ಕದಿರಮ್ಮನ ಕೈಗಿಟ್ಟಳು.

"ಕೋಣೇಲಿ ಮಾವಿನಕಾಯಿ ಉಪ್ಪಿನಕಾಯಿ ಐತೆ. ಕೆಡೋದ್ರೊಳಗೆ ತಿಂದ್ಬಿಡು ಕಣೇ."

"ಯಾಕೆ, ನೀನೆಲ್ಲಿಗೆ ಹೋಗ್ತೀಯಾ?" ಎಂದಳು ಕದಿರಮ್ಮ. ಸುಗುಣಮ್ಮ ಒಳಗೆ ಹೋಗಿ ಪಕ್ಕದ ಮಂಚದ ಮೇಲೆ ಮಲಗಿ ತೋಳು ಚಾಚಿದಳು. ಸೂಜಿ ಚುಚ್ಚಿದಾಗ, ಸ್ವಾಮೀ, ಬರ್ತಾ ಇದೀನಿ ಎಂದುಕೊಂಡು ಕಣ್ಣು ಮುಚ್ಚಿದಳು.

ಕಣ್ಣು ಬಿಟ್ಟಾಗ ಬೆಳಗಾಗಿತ್ತು. "ಇನ್ನೂ ಇದೀನಾ?" ಎಂದಳು. ಡಾಕ್ಟರಮ್ಮ ನಗಾಡಿದರು. ಸುಗುಣಮ್ಮನಿಗೆ ನಗು ಬರಲಿಲ್ಲ. ಗೋಡೆಯ ಕಡೆ ತಿರುಗಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಕದಿರಮ್ಮ ಬೀಗದಕೈ ವಾಪಸು ಕೊಟ್ಟಳು. ಉಪ್ಪಿನಕಾಯಿ ಆಗಲೇ ಅರ್ಧ ಖಾಲಿಯಾಗಿತ್ತು.

ರಾಮಲಕ್ಷ್ಮಮ್ಮ ಬದುಕಿದಳು. ಎದ್ದು ಕೂರಲಾರದ ಆ ದಿನಗಳಲ್ಲಿ ಮಗು ಇದ್ದದ್ದೆಲ್ಲ ಸುಗುಣಮ್ಮನ ಮಡಿಲಲ್ಲಿ. ಆಕೆಗೆ ಹುಚ್ಚೇ ಹಿಡಿಯಿತು ಅನ್ನಬೇಕು. ಬಕೆಟ್ಟು ಹಿಡಿದು ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ ಇಣುಕಬೇಕು. "ಏನೇ ಮೇಲೂರ ಗೌಡತಿ, ನಿದ್ದೆ ಆಯ್ತೇನಮ್ಮ? ಕಾಫಿ ತರಲಾ?" ಎಂದು ಮಾತಾಡಿಸಬೇಕು. ಅಮ್ಮಾಜಮ್ಮ ಮಾತ್ರ ಆಕೆಯನ್ನು ಕಂಡರೆ ಗೋಡೆಗೆ ಒತ್ತಿಕೊಂಡು ನಿಲ್ಲುವಳು, ನೆರಳೂ ಸೋಕದಂತೆ. ದೊಡ್ಡವರ ಮನೆಯ ಧಿಮಾಕು ಎಂದುಕೊಂಡಳು ಸುಗುಣಮ್ಮ. ಹೊರಡುವ ದಿನ ರಾಮಲಕ್ಷ್ಮಮ್ಮ ಆಕೆಯ ಕೈ ಹಿಡಿದು, "ನಂಗೆ ತಾಯಿ ಇಲ್ಲ. ಮಗೂನ ತೊಟ್ಟಿಲಿಗೆ ಹಾಕೋ ದಿನ ನೀನು ಬರಲೇಬೇಕಮ್ಮ," ಎಂದು ಅತ್ತುಕೊಂಡೇ ಹೇಳಿದಳು.

ಆ ದಿನಕ್ಕಾಗಿ ಸುಗುಣಮ್ಮ ಕಾದಳು. ಹಳೆಯ ಫ್ಲಾನಲ್ ತುಂಡಿನಲ್ಲಿ ಪುಟ್ಟ ಅಂಗಿ ಹೊಲಿದಳು. ತಲೆಗೆ ಎಣ್ಣೆ ಹಚ್ಚಿಕೊಂಡು, ಚರ್ಚಿಗೆ ಉಡುವ ಬಿಳಿ ಸೀರೆ ಉಟ್ಟು, ಬಸ್ಸು ಹತ್ತಿ ಮೇಲೂರಿಗೆ ಬಂದಳು. ಮನೆಯ ಮುಂದೆ ಚಪ್ಪರ, ಒಳಗೆ ಹೆಂಗಸರ ಹಾಡು. ಬಾಗಿಲಲ್ಲಿ ಅಮ್ಮಾಜಮ್ಮ ಎರಡೂ ಕೈ ಚಾಚಿ ಅಡ್ಡ ನಿಂತಳು.

"ಒಳಗೆ ಬರಬೇಡಮ್ಮ."

ಸುಗುಣಮ್ಮನಿಗೆ ಮೈಯೆಲ್ಲ ಉರಿಯಿತು. "ಯಾಕೆ, ಜಾತಿ ಅಡ್ಡ ಬಂತಾ? ನಿನ್ನ ಸೊಸೆ ಮೈಯಲ್ಲಿ ಹರೀತಿರೋದು ಯಾರ ರಕ್ತಾನೋ?"

"ಜಾತಿ ಆಗಿದ್ರೆ ಹಿತ್ತಿಲ ಬಾಗಿಲಿಂದ ಕರೀತಿದ್ದೆ ಕಣಮ್ಮ, ಸುಳ್ಳು ಯಾಕೆ ಹೇಳಲಿ," ಎಂದಳು ಮುದುಕಿ. "ನೀನು ಜೀವಕ್ಕೆ ಜೀವ ಕೊಟ್ಟು ಹೋದೋಳು. ಅವಳ ಪೀಡೆ ಎಲ್ಲ ನಿನ್ನ ಮೇಲೈತೆ. ಕೊಟ್ಟು ಹೋದದ್ದು ಹೊಸ್ತಿಲು ದಾಟಿ ವಾಪಸ್ ಬಂದ್ರೆ ಮಗು ಗತಿ ಏನು? ಕಾಲಿಗೆ ಬೀಳ್ತೀನಿ, ಹೋಗಮ್ಮ."

ಒಳಗಿನಿಂದ ರಾಮಲಕ್ಷ್ಮಮ್ಮ ಕೂಗಿದಳು: "ಅತ್ತೆ, ಅವರನ್ನ ಬಿಡಿ! ಬಾಮ್ಮಾ ಒಳಗೆ!" ಮಗುವೂ ಅಳತೊಡಗಿತು. ಆ ಅಳು ಸುಗುಣಮ್ಮನಿಗೆ ಚೆನ್ನಾಗಿ ಗೊತ್ತಿದ್ದದ್ದು. ಮುದುಕಿಯನ್ನು ಒಂದು ಕೈಯಲ್ಲಿ ಸರಿಸಿ ಹೋಗಬಹುದಿತ್ತು. ಆ ತೋಳುಗಳಲ್ಲಿ ಏನಿತ್ತು ಶಕ್ತಿ? ಆದರೆ ಆಕೆ ಆ ಮುಖ ನೋಡಿದಳು. ಅದರಲ್ಲಿದ್ದದ್ದು ಧಿಮಾಕಲ್ಲ, ಭಯ. ಈಗ ಒಳಗೆ ಹೋದರೆ ಮಗುವಿಗೆ ಒಂದು ಕೆಮ್ಮು ಬಂದರೂ ಈ ಹೆಂಗಸು ಎದೆಯೊಡೆದು ಸಾಯುತ್ತಾಳೆ. ಅಂಥ ಭಯದಲ್ಲೇ ಹುಟ್ಟಿ ಬೆಳೆದ ಸುಗುಣಮ್ಮನಿಗೆ ಅದು ಅರ್ಥವಾಯಿತು. ಹಾಳಾಗಿ ಹೋಗಲಿ, ಅರ್ಥವಾಗದೆ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು!

ಅಂಗಿಯನ್ನು ಜಗಲಿಯ ಮೇಲಿಟ್ಟು ತಿರುಗಿ ನಡೆದಳು. ರಸ್ತೆಯ ಹೊಂಗೆ ಮರದ ಕೆಳಗೆ ಬಸ್ಸಿಗೆ ಕಾಯುತ್ತ ಕೂತಾಗ ದುಃಖ ಒತ್ತರಿಸಿ ಬಂತು. ರಕ್ತ ಕೊಡುವಾಗ ಇಷ್ಟು ನೋವಾಗಿರಲಿಲ್ಲ. ಸ್ವಾಮಿಯ ಮೇಲೂ ಸಿಟ್ಟು ಬಂತು. ಜೀವ ತಗೊಂಡಿದ್ರೆ ಒಂದೇ ಸಲ ಮುಗೀತಿತ್ತು, ಉಳಿಸಿ ಹಿಂಗೆ ಹೊರಗೆ ನಿಲ್ಲಿಸ್ತೀಯಾ ಎಂದು ಬಾಯಿಬಿಟ್ಟೇ ಬೈದಳು.

ಯಾರೋ ಏದುಸಿರು ಬಿಡುತ್ತ ಬಂದ ಸದ್ದಾಯಿತು. ಅಮ್ಮಾಜಮ್ಮ. ಸೆರಗಿನಲ್ಲಿ ಮಗು, ಅದರ ಮೈಮೇಲೆ ಫ್ಲಾನಲ್ ಅಂಗಿ, ಸ್ವಲ್ಪ ದೊಗಳೆ. ಮುದುಕಿ ಮಗುವನ್ನು ಸುಗುಣಮ್ಮನ ಮಡಿಲಿಗಿಟ್ಟು ಪಕ್ಕದಲ್ಲಿ ಕುಸಿದು ಕೂತಳು.

"ನೀನು ಒಳಗೆ ಬರಬಾರದು ಅಷ್ಟೇ. ನಾವು ಹೊರಗೆ ಬರಬಾರದು ಅಂತ ಯಾರೂ ಹೇಳಿಲ್ಲವಲ್ಲ," ಎಂದಳು. "ಮಗನ್ನ ಉಳಿಸ್ಕೊಳ್ಳೋಕೆ ಸೊಸೇನ ಸಾಯೋಕೆ ಬಿಟ್ಟಿದ್ದೆ ಕಣಮ್ಮ ನಾನು. ಅವಳು ಅನ್ನ ಬಡಿಸುವಾಗ ತಲೆ ಎತ್ತೋಕಾಗಲ್ಲ," ಎಂದು ಅತ್ತಳು. "ಆಸ್ಪತ್ರೆಯೋಳು, ನಿಂಗೆಲ್ಲ ಗೊತ್ತಿತ್ತು. ನಿಂಗೆ ಭಯ ಇರಲಿಲ್ಲ."

"ಏನು ಗೊತ್ತಿತ್ತು, ಮಣ್ಣು! ಸಾಯ್ತೀನಿ ಅಂತಲೇ ಮಲಗಿದ್ದು ನಾನು."

ಅಮ್ಮಾಜಮ್ಮ ಅಳು ನಿಲ್ಲಿಸಿ ಆಕೆಯನ್ನೇ ನೋಡಿದಳು. "ಮತ್ತೆ ಯಾಕೆ ಕೊಟ್ಟೆ?"

ಸುಗುಣಮ್ಮ ಮಗುವಿನ ಮೂಗು ಒರೆಸಿದಳು. "ನಿಮ್ಮ ಸೊಸೆ ಹೋದ್ರೆ ಅಳೋಕೆ ಇದೊಂದು ಇತ್ತು. ನಾನು ಹೋದ್ರೆ ಅಳೋರು ಯಾರಿದ್ರು ಹೇಳಿ? ಅದಕ್ಕೇ ಕೊಟ್ಟೆ."

ಮುದುಕಿ ಆಕೆಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಇನ್ಮೇಲೆ ಯಾರಿಗೂ ಹಂಗೆ ಕೊಟ್ಟುಬಿಡಬೇಡ. ಅಳೋಕೆ ನಾನಿದೀನಿ."

ಬಸ್ಸು ಬಂದು, ನಿಂತು, ಹೊರಟುಹೋಯಿತು. ಇಬ್ಬರೂ ಏಳಲಿಲ್ಲ.