ತಿರುಪಿನ ಒರಳು ಮಾಡಿದ ಅಣ್ಣ

ಮೊನ್ನೆ ಪಕ್ಕದ ಮನೆಯಲ್ಲಿ ಶಾವಿಗೆ ಮಾಡುತ್ತಿದ್ದರು. ಅಕ್ಕಿಹಿಟ್ಟಿನ ಉಂಡೆಗಳು ಬೇಯುವ ವಾಸನೆ, ಅದರ ಜೊತೆಗೆ ಎಣ್ಣೆ ಸವರಿದ ಹಿತ್ತಾಳೆ ಬಿಸಿಯಾದಾಗಿನ ಒಂದು ಒಗರು... ಗೋಡೆ ದಾಟಿ ಬಂತು. ಸೊಪ್ಪು ಬಿಡಿಸುತ್ತಿದ್ದ ಕೈ ನಿಂತಿತು. ಅಣ್ಣ ನೆನಪಾದ.

ಅಣ್ಣ ಅಂದರೆ ಒಡಹುಟ್ಟಿದವನಲ್ಲ. ಹೊಳಲ್ಕೆರೆಯ ಕಮ್ಮಾರರ ಓಣಿಯಲ್ಲಿ ನಮ್ಮ ಮನೆಯ ಎದುರಿಗೆ ಕುಲುಮೆ ಇಟ್ಟಿದ್ದವನು. ನನ್ನ ಗಂಡ ಅವನೊಂದಿಗೆ ಒಂದೇ ಅಡೆಗಲ್ಲಿನ ಮೇಲೆ ಸುತ್ತಿಗೆ ಹೊಡೆದವರು. ಪ್ಲೇಗು ಬಂದು ಊರವರೆಲ್ಲ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡ ವರ್ಷ ಅವರು ತೀರಿಕೊಂಡರು. ಮನೆಯಲ್ಲಿ ಉಳಿದವರು ನಾನು ಮತ್ತು ನಮ್ಮತ್ತೆ. ತೌರಿನ ಕಡೆ ಯಾರೂ ಇರಲಿಲ್ಲ. ಆಗ ನಮ್ಮ ಹೊಸ್ತಿಲಲ್ಲಿ ನಿಂತು, "ತಂಗೀ, ನಾನಿದೀನಿ. ಇದೇ ನಿನ್ನ ತೌರುಮನಿ ಅಂದ್ಕ" ಎಂದವನು ಅವನೊಬ್ಬನೇ.

ನಮ್ಮ ಜನರ ಮದುವೆಗಳಿಗೆ ಶಾವಿಗೆ ಒತ್ತಿಕೊಟ್ಟು ನಾವು ಬದುಕುತ್ತಿದ್ದೆವು. ಆ ಕಾಲದ ಶಾವಿಗೆ ಒರಳು ಮರದ್ದು. ಮೇಲಿನ ಉದ್ದ ಹಲಗೆಯ ತುದಿಯಲ್ಲಿ ಒಬ್ಬರು ಕುಳಿತು ಭಾರ ಬಿಟ್ಟರೆ ಮಾತ್ರ ಕೆಳಗೆ ಎಳೆ ಇಳಿಯುತ್ತಿತ್ತು. ಕೂರುವ ಕೆಲಸ ಅತ್ತೆಯದು. ಮೂಳೆ ಚಕ್ಕಳ ಬಿಟ್ಟರೆ ಅವರ ಮೈಯಲ್ಲಿ ಏನಿತ್ತು? ಸೊಂಟಕ್ಕೆ ರುಬ್ಬುಗುಂಡು ಕಟ್ಟಿಕೊಂಡು ಕೂರುತ್ತಿದ್ದರು. ಒಮ್ಮೆ ಹಲಗೆ ಜಾರಿ ಬಿದ್ದು ತಿಂಗಳುಗಟ್ಟಲೆ ಮಲಗಿದರು.

ಆ ದಿನಗಳಲ್ಲೇ ಒಂದು ಬೆಳಿಗ್ಗೆ ಈಳಿಗೆ ಹರಿತ ಮಾಡಿಸಲು ಕುಲುಮೆಗೆ ಹೋಗಿದ್ದೆ. ಅಣ್ಣ ಕಬ್ಬಿಣದ ಪಟ್ಟಿಯನ್ನು ಕಚ್ಚಿಸಿ ಹಿಡಿಯುವ ಸಾಧನದ ತಿರುಪನ್ನು ಒಂದೇ ಕೈಯಲ್ಲಿ ತಿರುಗಿಸುತ್ತಿದ್ದ. ಪಟ್ಟಿ ಅಲ್ಲಾಡದಂತೆ ಬಿಗಿಯಿತು. ನೋಡುತ್ತ ನಿಂತವಳು ಕೇಳಿದೆ: "ಅಣ್ಣಾ, ಕಬ್ಬಿಣನೇ ಹಿಂಗೆ ಅದುಮೋ ತಿರುಪು, ಹಿಟ್ಟನ್ನ ಅದುಮಲ್ವಾ?"

ಅವನ ಕೈ ನಿಂತಿತು. ನನ್ನ ಮುಖ ನೋಡಿದ, ತಿರುಪು ನೋಡಿದ, ಆಮೇಲೆ ಜೋರಾಗಿ ನಕ್ಕ.

ಅಲ್ಲಿಂದ ಶುರುವಾಯಿತು. ಮೊದಲನೆಯದು ಒತ್ತುವಾಗಲೇ ಸೀಳಿತು. ಎರಡನೆಯದರಲ್ಲಿ ಹಿಟ್ಟು ಕೆಳಗಿಳಿಯುವ ಬದಲು ಅದನ್ನು ಒತ್ತುವ ಗುಂಡಿನ ಸುತ್ತ ಮೇಲೆ ಉಕ್ಕಿತು. ಸಂದು ಎಷ್ಟಿರಬೇಕು, ತಳದ ಬಿಲ್ಲೆಯ ತೂತು ಎಷ್ಟು ಸಣ್ಣದಿರಬೇಕು ಎಂದು ನಾನು ಹೇಳುತ್ತಿದ್ದೆ, ಅವನು ಅರದಲ್ಲಿ ಉಜ್ಜಿ ಉಜ್ಜಿ ಸರಿಮಾಡುತ್ತಿದ್ದ. ಕಡೆಗೆ ಮೂರು ಕಾಲಿನ ಮೇಲೆ ನಿಂತ ಹಿತ್ತಾಳೆ ಕೊಳವೆ, ನೆತ್ತಿಯ ಮೇಲೆ ತಿರುಪು, ತಿರುಗಿಸಲು ಅಡ್ಡ ಹಿಡಿ. ಅತ್ತೆಯನ್ನು ಗೋಡೆಗೆ ಒರಗಿಸಿ ಕೂರಿಸಿದೆವು. ಅವರೇ ಹಿಡಿ ತಿರುಗಿಸಿದರು. ಎಳೆ ಎಳೆಯಾಗಿ ಶಾವಿಗೆ ತಟ್ಟೆಗೆ ಇಳಿಯಿತು. "ಅಯ್ಯೋ ಇದರ ಮನೆ ಕಾಯ್ವಾಗ... ಇಷ್ಟು ದಿನ ಎಲ್ಲಿದ್ಯೋ" ಎಂದು ಅತ್ತೆ ಆ ಒರಳನ್ನೇ ಬಯ್ದರು. ನಾವು ಮೂವರೂ ನಕ್ಕೆವು.

ಆಮೇಲಿನ ಎರಡು ಮೂರು ವರ್ಷ ನನ್ನ ಬದುಕಿನಲ್ಲೇ ಸೊಗಸಾದ ಕಾಲ. ಗಾಡಿಯಲ್ಲಿ ಒರಳು ಹೇರಿಕೊಂಡು ಹೊಸದುರ್ಗದ ಸಂತೆಗೆ, ಹಿರಿಯೂರಿನ ಸಂತೆಗೆ ಹೋಗುತ್ತಿದ್ದೆವು. ಅತ್ತೆ ಗಾಡಿಯ ನೆರಳಲ್ಲಿ ಒಲೆ ಹೂಡುವರು, ನಾನು ಒತ್ತಿ ತೋರಿಸುವೆ. ಹೆಂಗಸರು ಮುಗಿಬೀಳುತ್ತಿದ್ದರು. ಇದು ಯಾರ ಕೆಲಸ ಎಂದು ಯಾರಾದರೂ ಕೇಳಿದರೆ ಅಣ್ಣ ಎದೆಯುಬ್ಬಿಸಿ, "ಕೈ ನಂದು, ತಲೆ ನಮ್ಮ ತಂಗೀದು" ಎನ್ನುತ್ತಿದ್ದ. ಆ ಮಾತಿಗಾಗಿಯೇ ನಾನು ಗಾಡಿಯ ಕುಲುಕಾಟವನ್ನೆಲ್ಲ ತಡೆದುಕೊಂಡೆನೇನೋ...

ಚಿತ್ರದುರ್ಗದ ಪಾತ್ರೆ ಸಾಹುಕಾರರೊಬ್ಬರಿಗೆ ಒರಳು ಹಿಡಿಸಿತು. ದುರ್ಗದಲ್ಲಿ ಹೆಂಚಿನ ಕೊಟ್ಟಿಗೆ ಹಾಕಿ, ಎರಕದವರನ್ನೂ ಅರದವರನ್ನೂ ಕೂರಿಸಿ, ಇದೊಂದನ್ನೇ ಮಾಡುವ ಕಾರ್ಖಾನೆ ತೆಗೆದರು. ಅಣ್ಣ ಅಲ್ಲಿಗೆ ಮೇಸ್ತ್ರಿಯಾದ. ನಾವೂ ದುರ್ಗಕ್ಕೆ ಬರುವುದು, ಕೊಳ್ಳಲು ಬಂದ ಹೆಂಗಸರಿಗೆ ನಾನು ಒತ್ತುವ ಬಗೆ ಕಲಿಸುವುದು ಎಂದು ಅವನೇ ನಮಗೆ ಮಾತು ಕೊಟ್ಟಿದ್ದ. ನಾನು ಪಾತ್ರೆಪಗಡವನ್ನೆಲ್ಲ ಗೋಣಿಗೆ ತುಂಬಿ ಕುಳಿತಿದ್ದೆ. ಅವನು ಬಂದ. ಒಳಗೆ ಬರಲಿಲ್ಲ, ಜಗಲಿಯಲ್ಲೇ ಕುಳಿತ.

"ಸಾಹುಕಾರ್ರು ಒಪ್ತಿಲ್ಲ ಕಣವ್ವ. ಮದುವೆ ಮನಿಗೆ ಹೋಗೋ ಸಾಮಾನು, ಗಂಡ ಸತ್ತೋಳ ಕೈ ಸೋಕಿದ್ರೆ ಯಾರು ತಗಂತಾರೆ ಅಂತಾರೆ. ನಾನೆಷ್ಟು ಹೇಳಿದ್ರೂ ಕೇಳ್ಲಿಲ್ಲ."

ನಾನೇ ಅವನಿಗೆ ಸಮಾಧಾನ ಹೇಳಿ ಕಳಿಸಿದೆ. ಅವನು ಹೋದ ಮೇಲೆ ಅತ್ತೆ, "ಇದು ಸಾಹುಕಾರನ ಬಾಯಾಗೆ ಬಂದಿದ್ದೋ, ಇವನ ಬಾಯಾಗೆ ಹುಟ್ಟಿದ್ದೋ" ಎಂದರು. ಅತ್ತೆಯ ಮೇಲೆ ಸಿಡಿದುಬಿದ್ದೆ, ಅವರೊಂದಿಗೆ ನಾಲ್ಕು ದಿನ ಮಾತು ಬಿಟ್ಟೆ. ಆದರೆ ಆ ಮಾತು ಮಾತ್ರ ನನ್ನೊಳಗೆ ಇಳಿಯಿತು. ಹಿಟ್ಟು ನಾದುವಾಗ ನನ್ನ ಕೈ ನೋಡಿಕೊಂಡರೆ ನನಗೇ ಹೇಸಿಗೆಯಾಗುತ್ತಿತ್ತು.

ಕೆಲವು ವರ್ಷಗಳಾದ ಮೇಲೆ ಅವನ ಮಗಳ ಮದುವೆ ಹೊಳಲ್ಕೆರೆಯ ಮನೆಯಲ್ಲೇ ಗೊತ್ತಾಯಿತು. ಅವನ ಹೆಂಡತಿ, ನಮ್ಮತ್ತಿಗೆ, ಹಿತ್ತಲ ಬಾಗಿಲಿಂದ ಬಂದು, "ಶಾವಿಗೆ ನೀನೇ ಒತ್ತಿಕೊಡ್ಬೇಕು, ಹುಡುಗಿ ಹಟ ಹಿಡಿದವಳೆ" ಎಂದರು. ಆ ಹುಡುಗಿ ಆಡಿ ಬೆಳೆದದ್ದು ನನ್ನ ಮಡಿಲಲ್ಲಿ. ಒತ್ತಿದೆ.

ಮದುವೆಯ ಹಿಂದಿನ ದಿನ ಬುಟ್ಟಿ ಹೊತ್ತು ಹೋದಾಗ ಚಪ್ಪರದಡಿ ಜಮಖಾನದ ಮೇಲೆ ಆ ಸಾಹುಕಾರರು ಕುಳಿತಿದ್ದರು. ಅವರನ್ನು ನಾನು ಕಂಡದ್ದು ಅದೇ ಮೊದಲು, ದುರ್ಗದ ಸಾಹುಕಾರರು ಎಂದು ಅತ್ತಿಗೆ ಪಿಸುಗುಟ್ಟಿದರು. ಬಟ್ಟೆ ಸರಿದ ಬುಟ್ಟಿಯೊಳಗೆ ಇಣುಕಿ, "ಏನು ಎಳೆ! ನಮ್ಮ ಒರಳಾಗೆ ಇಷ್ಟು ನಯ ಬರ್ತೈತಾ? ಯಾರಪ್ಪ ಈಯಮ್ಮ?" ಎಂದು ಅಣ್ಣನನ್ನು ಕೇಳಿದರು.

ಅಣ್ಣ ವೀಳ್ಯದೆಲೆ ಒರೆಸುತ್ತಿದ್ದ. ತಲೆ ಎತ್ತಲಿಲ್ಲ. "ಇಲ್ಲೇ ಓಣಿಯೋಳು. ಶಾವಿಗೆ ಒತ್ತೋಳು" ಎಂದ.

"ದುರ್ಗಕ್ಕೆ ಬಾರಮ್ಮ," ಎಂದರು ಸಾಹುಕಾರರು. "ಕೊಳ್ಳಾಕೆ ಬರೋ ಹೆಣ್ಮಕ್ಳಿಗೆ ತೋರ್ಸಾಕೆ ನಿಮ್ಮಂಥೋರು ಒಬ್ರು ಬೇಕಾಗೈತೆ."

ನನ್ನ ಬಾಯಿಂದ ತಾನಾಗಿ ಬಂತು: "ಗಂಡ ಸತ್ತೋಳ ಕೈ ಆಗಲ್ಲ ಅಂದಿದ್ರಂತಲ್ಲ ಸಾವ್ಕಾರ್ರೇ?"

"ಯಾರು ಹಂಗಂದೋರು? ನಮ್ಮವ್ವ ವಿಧವೆನೇ. ದಿನಾ ನಮ್ಮ ಅಂಗಡಿ ದೀಪ ಹಚ್ಚೋಳು ಅವಳೇ."

ಅಣ್ಣನ ಕೈಯ ಎಲೆ ಅಲ್ಲೇ ನಿಂತಿತ್ತು. ಸುತ್ತ ಬೀಗರು ಕುಳಿತಿದ್ದರು. ಒಳಬಾಗಿಲಲ್ಲಿ ಅರಿಸಿನ ಹಚ್ಚಿಕೊಂಡ ಹುಡುಗಿ ನನ್ನನ್ನು ನೋಡಿ ನಗುತ್ತಿದ್ದಳು. ಒಂದು ಮಾತು ಆಡಿದ್ದರೆ ಸಾಕಿತ್ತು. ಅಣ್ಣನೂ ಅದಕ್ಕೇ ಕಾಯುತ್ತಿದ್ದ, ಅವನ ಕಿವಿ ಕೆಂಪಗಾಗಿತ್ತು.

"ನಾನೇ ತಪ್ಪು ಕೇಳಿಸ್ಕಂಡಿದ್ದೆ" ಎಂದೆ. ಬುಟ್ಟಿ ಇಳಿಸಿ ಮನೆಗೆ ಬಂದೆ. ಅತ್ತೆಗೆ ಎಲ್ಲವನ್ನೂ ಹೇಳಿದೆ. ಎಲ್ಲದಕ್ಕೂ ಒಂದು ಕೊಂಕು ಇಟ್ಟುಕೊಂಡಿರುತ್ತಿದ್ದ ಅತ್ತೆ ಅವತ್ತು, "ಕೈ ತೊಳ್ಕಂಡು ಉಣ್ಣಾಕೆ ಬಾ" ಎಂದರು, ಅಷ್ಟೇ.

ಯಾಕೆ ಹಾಗೆ ಮಾಡಿದ? ಒರಳು ಹುಟ್ಟಿಸಿದ ಮೇಸ್ತ್ರಿ ಎಂದು ದುರ್ಗದಲ್ಲಿ ಅವನಿಗೆ ಹೆಸರಾಗಿತ್ತು. ಆ ಹೆಸರಿನಲ್ಲಿ ಇನ್ನೊಬ್ಬರಿಗೆ ಜಾಗ ಬೇಡವೆನಿಸಿತೋ ಏನೋ... ಕೇಳಬೇಕೆಂದುಕೊಂಡೆ, ಕೇಳಲಿಲ್ಲ. ಅವನು ಕಾಯಿಲೆ ಬಿದ್ದ ವರ್ಷ ಒಮ್ಮೆ ನಮ್ಮ ಬಾಗಿಲಿಗೆ ಬಂದು "ತಂಗೀ" ಎಂದು ಕರೆದ. ಒಳಗಿದ್ದೆ. ಕೇಳಿಸಿತು. ಎದ್ದು ಹೋಗಲಿಲ್ಲ. ಸ್ವಲ್ಪ ಹೊತ್ತು ನಿಂತಿದ್ದು ಕೋಲೂರಿಕೊಂಡು ಹೊರಟ. ಆಮೇಲೆ ಬಂದದ್ದು ಅವನ ಸಾವಿನ ಸುದ್ದಿ. ಅತ್ತೆಯೂ ಹೋದರು. ಕಾರ್ಖಾನೆ ಸಾಹುಕಾರರ ಮಕ್ಕಳ ಕೈಗೆ ಬಂತು, ಅಗ್ಗದ ಅಲ್ಯೂಮಿನಿಯಂ ಒರಳುಗಳ ಮುಂದೆ ನಿಲ್ಲಲಾರದೆ ಮುಚ್ಚಿತು.

ನಿನ್ನೆ ಕಣ್ಣು ತೋರಿಸಲು ದುರ್ಗಕ್ಕೆ ಹೋದವಳು ಆ ಬೀದಿಗೂ ಹೋದೆ. ಹೆಂಚು ಅರ್ಧ ಕುಸಿದಿತ್ತು. ಬಾಗಿಲಲ್ಲಿ ಒಬ್ಬ ಮುದುಕ ಕಾವಲಿದ್ದ.

"ಯಾರು ಬೇಕಾಗಿತ್ತವ್ವ?"

"ನಮ್ಮಣ್ಣ ಇಲ್ಲಿ ಮೇಸ್ತ್ರಿಯಾಗಿದ್ದ" ಎಂದುಬಿಟ್ಟೆ. ನಾಲಿಗೆಗೆ ಬೇರೆ ಹೆಸರು ಗೊತ್ತಿರಲಿಲ್ಲ.

ಅವನು ದಡಬಡಿಸಿ ಎದ್ದ. "ಒರಳು ಹುಟ್ಟಿಸಿದ ಮೇಸ್ತ್ರಿಗಳ ತಂಗೀನಾ ನೀವು? ಬರ್ರಿ, ಕುಂತ್ಕಳ್ರಿ" ಎಂದು ಹೆಗಲ ಟವೆಲಿನಿಂದ ಕಟ್ಟೆಯ ಧೂಳು ಕೊಡವಿದ.

ಹೌದು ಎಂದೆ. ಕುಳಿತೆ. ಅವನು ಕೊಟ್ಟ ನೀರು ಕುಡಿದೆ. ಜಗಳ ಆಡಬೇಕಾದವನು ಹೋಗಿ ಎಷ್ಟೋ ವರ್ಷಗಳಾಗಿವೆ... ನಿಜ ಗೊತ್ತಿದ್ದ ಅತ್ತೆಯೂ ಇಲ್ಲ.