ಆರು ತಿಂಗಳ ಅರಸರು

ದಿಂಡುಗಲ್ಲಿನ ಉಪಾಧ್ಯಾಯರ ತರಬೇತಿ ಶಾಲೆಯಲ್ಲಿ ನಮ್ಮ ಗುರುಗಳು ಯುರೋಪಿನ ದೇಶಗಳನ್ನು ನಮಗೆಲ್ಲ ಹಂಚಿಕೊಟ್ಟಾಗ ನನ್ನ ಪಾಲಿಗೆ ಬಹಳ ಚಿಕ್ಕದೊಂದು ಬಂತು. ಒಬ್ಬನಿಗೆ ಫ್ರಾನ್ಸು, ಒಬ್ಬನಿಗೆ ರಷ್ಯ, ನನಗೆ ಸ್ಯಾನ್ ಮರಿನೋ. ಗೋಡೆಯ ಭೂಪಟದಲ್ಲಿ ಅದು ಇಟಲಿಯ ಹೊಟ್ಟೆಯೊಳಗೆ ಎಳ್ಳುಕಾಳಿನಷ್ಟು ಇತ್ತು. ರಜೆ ಮುಗಿಸಿ ಬಂದವರೆಲ್ಲ ತಮ್ಮ ದೇಶದ ಮೇಲೆ ಒಂದು ಪಾಠ ಮಾಡಿ ತೋರಿಸಬೇಕೆಂದು ಅಪ್ಪಣೆಯಾಯಿತು. ಜೊತೆಯವರು ನನ್ನನ್ನು ನೋಡಿ ನಕ್ಕರು. ನನಗೆ ಒಳಗೊಳಗೇ ಸಂತೋಷ. ಚಿಕ್ಕ ದೇಶವಾದರೆ ಬಾಯಿಪಾಠವೂ ಚಿಕ್ಕದು.

ನಮ್ಮ ಊರು ಕಂಬಂ ಕಣಿವೆಯಲ್ಲಿ. ನಾವು ಮನೆಯಲ್ಲಿ ಆಡುವುದು ಕನ್ನಡ, ಬೀದಿಯಲ್ಲಿ ಆಡುವುದು ತಮಿಳು, ಬರೆಯುವುದೂ ತಮಿಳೇ. ಕನ್ನಡದ ಅಕ್ಷರ ನಾನು ಕಲಿತದ್ದು ನಡುವಯಸ್ಸಿನಲ್ಲಿ, ಕೊಳ್ಳೇಗಾಲದ ಕಡೆ ಕೆಲಸ ಸಿಕ್ಕ ಮೇಲೆ. ನಮ್ಮ ಹಿರಿಯರು ಯಾವುದೋ ಕಾಲದಲ್ಲಿ ಬಡಗಣ ಸೀಮೆಯ ದೊರೆಯೊಬ್ಬನಿಗೆ ಹೆದರಿ, ಹೆಂಗಸರನ್ನೂ ದನಗಳನ್ನೂ ಮುಂದೆ ಬಿಟ್ಟುಕೊಂಡು ಓಡಿಬಂದವರೆಂದು ಅಜ್ಜಿ ಹೇಳುತ್ತಿದ್ದಳು. ಹಾಗೆ ಬಂದ ದನಗಳ ಸಂತಾನವೆಂದು ನಂಬಿದ ದೇವರ ಮಂದೆಯೊಂದು ಊರ ಹೊರಗೆ ಇತ್ತು. ಅದರ ಹಾಲನ್ನು ಮಾರುತ್ತಿರಲಿಲ್ಲ.

ನಾನು ಹೇಳುತ್ತಿರುವುದು ಪಡುವಣ ಮಲೆಯ ಆಚೆ ಅಣೆ ಕಟ್ಟಿ, ಮಲೆಯನ್ನೇ ಕೊರೆದು, ಅತ್ತ ಹರಿಯುತ್ತಿದ್ದ ನೀರನ್ನು ನಮ್ಮ ಕಣಿವೆಗೆ ತಿರುಗಿಸಿದ ಹೊಸತರ ಮಾತು. ಕಾಲುವೆಯಲ್ಲಿ ನೀರು ತುಂಬಿ ಹರಿಯುತ್ತಿತ್ತು. ಆದರೆ ನಮ್ಮ ಊರಿನ ಕಡೆ ಬಿಡುವ ತೂಬಿನ ಬಾಗಿಲು ಊರ ಗೌಡರ ಕೈಯಲ್ಲಿತ್ತು. ಅವರಿಗೂ ತೂಬಿನ ಹತ್ತಿರದ ಅವರ ನೆಂಟರಿಗೂ ನೀರು ಮೊದಲು. ಕಾಲುವೆ ಮುಗಿಯುವ ಬಾಲದ ಕಡೆಯ ಹೊಲಗಳಿಗೆ ಹಗಲೆಲ್ಲ ಕಾದರೂ ಕಾಲು ನೆನೆಯುವಷ್ಟು ಬರುತ್ತಿರಲಿಲ್ಲ. ನಮ್ಮ ಹೊಲ ಬಾಲದಲ್ಲಿತ್ತು. ನನ್ನ ಚಿಕ್ಕಪ್ಪನದೂ ಅಲ್ಲೇ.

ಗೌಡರೆಂದರೆ ಎಲ್ಲರಿಗೂ ಭಯ. ಅವರು ಕೂಗಾಡುವವರಲ್ಲ. ತಗ್ಗಿದ ದನಿಯಲ್ಲಿ ಒಂದು ಮಾತು ಹೇಳಿದರೆ ಮುಗಿಯಿತು. ನಾನು ಚಿಕ್ಕವನಿದ್ದಾಗ ಒಬ್ಬಾತ ತೂಬನ್ನು ತಾನೇ ಎತ್ತಿದನೆಂದು ಅವನನ್ನು ಕುಲದಿಂದ ಹೊರಗಿಟ್ಟರು. ಯಾರೂ ಅವನಿಗೆ ಬೆಂಕಿ ಕೊಡಲಿಲ್ಲ, ಬಾವಿಗೆ ಬಿಡಲಿಲ್ಲ. ಅದೇ ಬೇಸಗೆಯಲ್ಲಿ ಅವನ ತಾಯಿ ಸತ್ತಳು. ಹೆಗಲು ಕೊಡಲು ಒಬ್ಬರೂ ಬರಲಿಲ್ಲ. ಚಟ್ಟದ ಮುಂದಿನ ತುದಿಯನ್ನು ಅವನು, ಹಿಂದಿನ ತುದಿಯನ್ನು ಅವನ ಹೆಂಡತಿ ಹಿಡಿದು, ನಡುನಡುವೆ ಇಳಿಸಿಕೊಳ್ಳುತ್ತ ನಮ್ಮ ಮನೆಯ ಮುಂದೆ ಹಾದುಹೋದರು. ಅವ್ವ ಕದ ಹಾಕಿಕೊಂಡಳು. ಸಂದಿಯಿಂದ ನಾನು ಕಂಡದ್ದು ಇಂದಿಗೂ ಕಣ್ಣಿನಿಂದ ಹೋಗಿಲ್ಲ.

ರಜೆಗೆ ಬಂದವನು ಜಗಲಿಯ ಮೇಲೆ ಕೂತು ಪಾಠವನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ. ಸಂಜೆ ಹೊಲದಿಂದ ಬಂದ ಚಿಕ್ಕಪ್ಪ ಮತ್ತು ಒಂದಿಬ್ಬರು ಕೇಳುತ್ತ ಕೂರುತ್ತಿದ್ದರು. ತಮಿಳಿನಲ್ಲಿ ಓದಿದ್ದನ್ನು ನಮ್ಮ ಮಾತಿಗೆ ತಿರುಗಿಸಿ ಹೇಳಿದೆ. ಆ ದೇಶಕ್ಕೆ ಸಮುದ್ರವಿಲ್ಲ, ಸುತ್ತಲೂ ಬೇರೆ ರಾಜ್ಯ. ನಡುವೆ ಒಂದು ಕಲ್ಲುಬೆಟ್ಟ, ಅದರ ನೆತ್ತಿಯ ಮೇಲೆ ಮೂರು ಗೋಪುರ. ಜನ ಕೆಲವೇ ಸಾವಿರ. ಉಳುತ್ತಾರೆ, ದ್ರಾಕ್ಷಿ ಬೆಳೆಯುತ್ತಾರೆ, ಕಲ್ಲು ಕಡಿಯುತ್ತಾರೆ.

"ರಾಜ ಯಾರು ತಂಬಿ?" ಎಂದ ಚಿಕ್ಕಪ್ಪ.

"ರಾಜ ಇಲ್ಲ ಸಿತ್ತಪ್ಪ. ಅರವತ್ತು ಜನರ ಸಭೆ ಇದೆ. ಅವರು ಇಬ್ಬರನ್ನ ಆರಿಸ್ತಾರೆ. ಆ ಇಬ್ಬರೂ ಆರು ತಿಂಗಳು ಆಳ್ತಾರೆ."

"ಆಮೇಲೆ?"

"ಆಮೇಲೆ ಇಳೀತಾರೆ. ಬೇರೆ ಇಬ್ಬರು ಬರ್ತಾರೆ. ಇಳಿದವರ ಮೇಲೆ ಯಾರಿಗಾದ್ರೂ ದೂರಿದ್ರೆ ಹೇಳಬೌದು. ಅವರು ಜವಾಬು ಸೊಲ್ಲಬೇಕು."

ಚಿಕ್ಕಪ್ಪ ಬಾಯಲ್ಲಿದ್ದ ಎಲೆಯನ್ನು ಉಗಿದು ಬಂದು ಇನ್ನೊಮ್ಮೆ ಹೇಳಿಸಿದ. ಮೂರನೆಯ ಸಲವೂ ಕೇಳಿದ. ನನಗೆ ಅದು ಪಾಠ; ಅವನಿಗೆ ಅದು ಬೇರೆ ಏನೋ ಎಂದು ನನಗೆ ಹೊಳೆಯಲಿಲ್ಲ.

ಕೆಲವು ದಿನ ಕಳೆದು ನೀರಿನ ಸರದಿಯ ಮಾತಿಗೆ ಮಂದೆಯ ಹತ್ತಿರದ ಬೇವಿನ ಮರದಡಿ ಊರು ಸೇರಿತು. ಚಿಕ್ಕಪ್ಪ ಎದ್ದು ನಿಂತು, "ಗೌಡ್ರೆ, ಸೀಮೆ ಆಚೆ ಒಂದು ಊರಲ್ಲಿ ಆರು ತಿಂಗಳಿಗೆ ಆಳೋರನ್ನ ಇಳಿಸಿ ಕೇಳ್ತಾರಂತೆ. ನಮ್ಮ ತೂಬಿಗೂ ಅಂಗೆ ಇಬ್ಬರನ್ನ ಹಾಕಿದ್ರೆ ಏನು?" ಎಂದುಬಿಟ್ಟ.

ನಾನು ಆ ದಿನ ಅಲ್ಲಿಗೆ ಹೋಗಿರಲಿಲ್ಲ. ಗೌಡರು ಇಷ್ಟೇ ಕೇಳಿದರಂತೆ: "ಇದನ್ನ ನಿನಗೆ ಸೊಲ್ಲಿಕೊಟ್ಟದ್ದು ಯಾರು?"

ಚಿಕ್ಕಪ್ಪ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಊರಿನಲ್ಲಿ ಭೂಪಟ ನೋಡಿದವನು ನಾನೊಬ್ಬನೇ.

ಮರುದಿನ ಬೆಳಿಗ್ಗೆ ಅವ್ವ ಬಾವಿಯಿಂದ ಬರಿ ಕೊಡ ತಂದಳು. ಅವಳನ್ನು ಯಾರೂ ತಡೆದಿರಲಿಲ್ಲ. ಆದರೆ ಅವಳು ಹೋದ ಕೂಡಲೇ ಹೆಂಗಸರೆಲ್ಲ ಮಾತು ನಿಲ್ಲಿಸಿ ದೂರ ಸರಿದರಂತೆ, ಹಗ್ಗ ಮುಟ್ಟಲು ಅವಳಿಗೆ ಕೈ ಬರಲಿಲ್ಲ. ಕ್ಷೌರದವನು ನಮ್ಮ ಬೀದಿಗೆ ಬರಲಿಲ್ಲ. ತಂಗಿಗೆ ಗಂಡು ಗೊತ್ತಾಗಿತ್ತು. ಅವರ ಕಡೆಯವರು ದಾರಿಯಲ್ಲಿ ಅಪ್ಪನನ್ನು ಕಂಡು ತಲೆ ತಗ್ಗಿಸಿ ಹೋದರು. ಮಧ್ಯಾಹ್ನ ಗೌಡರ ಆಳೊಬ್ಬ ಬಂದು ನಮ್ಮ ಎದುರಿನ ಕಲ್ಲಿನ ಮೇಲೆ ಕೂತ. ಅವನು ಬೈಯಲಿಲ್ಲ, ನಮ್ಮತ್ತ ನೋಡಲೂ ಇಲ್ಲ. ಕುಡುಗೋಲನ್ನು ಕಲ್ಲಿಗೆ ಉಜ್ಜುತ್ತ ಕೂತಿದ್ದ. ಆ ಸದ್ದು ನಿಂತಾಗ ಇನ್ನೂ ಹೆಚ್ಚು ಭಯವಾಗುತ್ತಿತ್ತು.

ಅವ್ವ ಕೇಳಿದಳು: "ಆ ಊರೋರು ನಮಗೇನಾಗಬೇಕೋ? ಅವರ ಸುದ್ದಿ ನಿನಗೆ ಯಾಕೆ ಬೇಕಿತ್ತು?"

"ಪಳ್ಳಿಕೂಡದಲ್ಲಿ ಕೊಟ್ಟ ಪಾಠ ಅವ್ವ."

"ಪಾಠ ಆದ್ರೆ ಪಳ್ಳಿಕೂಡದಲ್ಲೇ ಇಟ್ಟು ಬರಬೇಕಿತ್ತು," ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಊರಿನಲ್ಲಿ ಇನ್ನೊಂದು ಮಾತು ಹಬ್ಬಿತು. ನಾನು ಮಹಾರಾಣಿಗೆ ವಿರೋಧವಾಗಿ ಬೋಧಿಸುತ್ತಿದ್ದೇನೆ, ರಾಜರೇ ಬೇಡ ಅನ್ನುತ್ತಿದ್ದೇನೆ, ಗೌಡರು ಪೊಲೀಸಿಗೆ ಹೇಳಿಕಳಿಸಿದ್ದಾರೆ ಎಂದು. ನಾನು ಓದಿದವನು, ನಗಬಹುದಿತ್ತು. ನಗು ಬರಲಿಲ್ಲ. ಎರಡು ದಿನವಾದ ಮೇಲೆ ಕೆಂಪು ಪೇಟದ ಕಾನ್‌ಸ್ಟೇಬಲ್ ಒಬ್ಬ ಬಿಸಿಲಿನಲ್ಲಿ ನಮ್ಮ ಬೀದಿಗೆ ತಿರುಗಿದ್ದನ್ನು ತಂಗಿ ಕಂಡು ಒಳಗೆ ಓಡಿಬಂದಳು. ಅವ್ವ ನನ್ನನ್ನು ತೋಳು ಹಿಡಿದು ದನದ ಕೊಟ್ಟಿಗೆಯೊಳಗೆ ತಳ್ಳಿದಳು. ಹುಲ್ಲಿನ ಹಿಂದೆ ಮೊಣಕಾಲು ಮಡಿಚಿ ಕೂತೆ. ಎಮ್ಮೆ ನನ್ನ ಕತ್ತಿನ ಮೇಲೆ ಉಸಿರು ಬಿಡುತ್ತಿತ್ತು. ಹೊರಗೆ ಅಪ್ಪನ ದನಿ, ಆಮೇಲೆ ಆ ಮನುಷ್ಯನ ದನಿ. ಅವನು ಕುಡಿಯಲು ಮಜ್ಜಿಗೆ ಕೇಳಿದ, ಪಕ್ಕದ ಊರಿನಲ್ಲಿ ಕಳುವಾದ ಎತ್ತುಗಳು ಈ ಕಡೆ ಬಂದವೇ ಎಂದು ಕೇಳಿದ, ಹೋದ. ಅಪ್ಪನೇ ಒಳಗೆ ಬಂದು ಎಬ್ಬಿಸಿದ.

ಅದೇ ವಾರದಲ್ಲಿ ಕರೆ ಬಂತು. ನಾನು ಊರ ಮುಂದೆ ನಿಲ್ಲಬೇಕು.

ಬೇವಿನ ಮರದಡಿ ಕಂಬಳಿ ಹಾಸಿದ್ದರು. ಅದರ ಮೇಲೆ ಕೂರುವ ಹಕ್ಕು ಗೌಡರೊಬ್ಬರಿಗೇ. ಗಂಡಸರು ಸುತ್ತ ನೆಲದ ಮೇಲೆ ಕೂತಿದ್ದರು. ಹೆಂಗಸರು ಮಂದೆಯ ಮುಳ್ಳುಬೇಲಿಯ ಪಕ್ಕ ನಿಂತಿದ್ದರು. ಅವರು ಕೇಳಬಹುದು, ಮಾತಾಡುವ ಪದ್ಧತಿ ಇರಲಿಲ್ಲ. ನಾನು ಹೆಗಲ ಮೇಲಿನ ವಸ್ತ್ರ ತೆಗೆದು ಸೊಂಟಕ್ಕೆ ಕಟ್ಟಿಕೊಂಡು ಕೈಮುಗಿದು ನಿಂತೆ. ಚಿಕ್ಕಪ್ಪ ನನ್ನ ಬಲಗಡೆ.

"ವಾದ್ಯಾರೆ," ಎಂದರು ಗೌಡರು. ಇಪ್ಪತ್ತು ವರ್ಷದ ನನ್ನನ್ನು ಅವರು ಮೇಷ್ಟ್ರು ಎಂದು ಕರೆದದ್ದು ಗೌರವಕ್ಕಲ್ಲ ಎಂದು ಎಲ್ಲರಿಗೂ ಗೊತ್ತಾಯಿತು. "ಆ ಊರು ದಿಟವಾಗಿ ಐತಾ? ಇಲ್ಲ ನೀನು ಕಟ್ಟಿದ ಕತೆಯಾ?"

"ಇದೆ ಗೌಡ್ರೆ."

"ನೀನು ಕಂಡಿದ್ಯಾ?"

"ಇಲ್ಲ ಗೌಡ್ರೆ. ಓದಿದ್ದು."

ಯಾರೋ ನಕ್ಕರು. ಗೌಡರು ನಗಲಿಲ್ಲ. "ಸೊಲ್ಲು, ಊರು ಕೇಳಲಿ."

ನಾನು ಹೇಳತೊಡಗಿದೆ. ಬೆಟ್ಟ, ಗೋಪುರ, ಸುತ್ತಲಿನ ಪರರಾಜ್ಯ ಎಲ್ಲ ಹೇಳಿದೆ. ಆ ಇಬ್ಬರು ಆಳುವವರ ಮಾತು ಬಂದಾಗ ನಡುವೆಯೇ ನಿಲ್ಲಿಸಿದೆ. ಆಗ ದೇವರ ಮಂದೆಯನ್ನು ನೋಡಿಕೊಳ್ಳುವ ಮುದುಕ ಪೂಜಾರಿ, ಗೌಡರಿಗಿಂತ ವಯಸ್ಸಿನಲ್ಲಿ ದೊಡ್ಡವನು, ಕೋಲಿನ ಮೇಲೆ ಗದ್ದ ಊರಿ, "ಆ ಊರ ಕಟ್ಟಿದೋರು ಯಾರು ಮಗ?" ಎಂದು ಕೇಳಿದ.

"ಒಬ್ಬ ಕಲ್ಲುಕುಟಿಗ, ತಾತ. ಸಮುದ್ರದ ಆಚೆಯಿಂದ ಬಂದವನು. ಅವನ ದೇವರನ್ನ ಪೂಜಿಸಬಾರದು ಅಂತ ಅಲ್ಲಿಯ ಅರಸ ಕಾಟ ಕೊಟ್ಟನಂತೆ. ಹೆದರಿ ಬಂದು ಆ ಬೆಟ್ಟ ಏರಿದ ಅಂತ ಹೇಳ್ತಾರೆ."

ಮುದುಕ ತಲೆದೂಗಿದ. "ಅಂಗಾದ್ರೆ ಅವರೂ ನಮ್ಮಂಗೆ. ಓಡಿಬಂದೋರು."

ಜನರಲ್ಲಿ ಒಂದು ಗುಜುಗುಜು ಎದ್ದಿತು. ಕೂತವರ ಮುಖದಲ್ಲಿ ಏನೋ ಸಡಿಲವಾಯಿತೆಂದು ನನಗೆ ಅನಿಸಿತು. ಗೌಡರಿಗೂ ಅದು ತಿಳಿದಿರಬೇಕು. ದನಿಯನ್ನು ಇನ್ನೂ ತಗ್ಗಿಸಿ ಕೇಳಿದರು: "ಅದಿರಲಿ. ನಮ್ಮ ಊರಿಗೂ ಅಂಗೇ ಬೇಕು ಅಂತೀಯಾ? ಒಂದೇ ಮಾತು. ಬೇಕಾ, ಬೇಡವಾ?"

ಬೇಕು ಎಂದರೆ ಕುಲ ಹೋಯಿತು, ತಂಗಿಯ ಮದುವೆ ಹೋಯಿತು. ಬೇಡ ಎಂದರೆ ಚಿಕ್ಕಪ್ಪ ಒಬ್ಬನೇ ಉಳಿದ. ಅವನು ನನ್ನತ್ತ ನೋಡಲಿಲ್ಲ. ಆ ಚಟ್ಟದ ಹಿಂದಿನ ತುದಿ ಹಿಡಿದ ಹೆಂಗಸು ಕಣ್ಣ ಮುಂದೆ ಬಂದಳು. ನನ್ನ ಅವ್ವ ಬೇಲಿಯ ಪಕ್ಕ ಎಲ್ಲಿ ನಿಂತಿದ್ದಾಳೆಂದು ನೋಡಲೂ ಧೈರ್ಯವಾಗಲಿಲ್ಲ.

"ಊರಿಗೆ ಏನು ಬೇಕೋ ನನಗೆ ಗೊತ್ತಿಲ್ಲ ಗೌಡ್ರೆ," ಎಂದೆ. "ಸಿತ್ತಪ್ಪ ಕೇಳಿದ್ದು ತಪ್ಪಲ್ಲ. ಬಾಲಕ್ಕೆ ನೀರು ಬರ್ತಿಲ್ಲ."

ಗೌಡರ ಆಳು ಎದ್ದು ನಿಂತ. ಅಪ್ಪ ಕೂತಲ್ಲಿಂದ ಏಳಲು ನೆಲಕ್ಕೆ ಕೈ ಊರಿದ.

ಅಷ್ಟರಲ್ಲಿ ಬೇಲಿಯ ಕಡೆಯಿಂದ ಹೆಣ್ಣು ದನಿಯೊಂದು ಬಂತು. "ನನ್ನ ಹೊಲಕ್ಕೂ ಬಂದಿಲ್ಲ ಅಣ್ಣ."

ಅದು ಗೌಡರ ಸ್ವಂತ ತಂಗಿ. ಗಂಡ ತೀರಿಹೋಗಿ ಇಬ್ಬರು ಹೆಣ್ಣುಮಕ್ಕಳೊಂದಿಗೆ ಬಾಲದ ಕಡೆಯ ಗಂಡನ ಹೊಲದಲ್ಲಿ ಬೇಸಾಯ ಮಾಡಿಕೊಂಡಿದ್ದವಳು. ತಲೆಯ ಮೇಲಿನ ಸೆರಗನ್ನು ಎರಡು ಕೈಯಲ್ಲೂ ಬಿಗಿಯಾಗಿ ಹಿಡಿದಿದ್ದಳು. ಅವಳೂ ಹೆದರಿದ್ದಳು.

"ನೀನು ಮನೆಗೆ ಹೋಗು," ಎಂದರು ಗೌಡರು.

"ಹೋಗ್ತೀನಿ. ಹೋದ್ರೂ ನೀರು ಬಂದಂಗಾಗಲ್ಲ. ನಿನ್ನ ಮನೆ ಬಾಗಿಲಿಗೆ ಬಂದು ಕೇಳಕ್ಕೆ ನನಗೇ ಭಯ ಅಣ್ಣ. ಬೇರೇರು ಎಂಗೆ ಕೇಳ್ತಾರೆ?"

ಗೌಡರು ಎದ್ದು, ತೀರ್ಪು ಹೇಳದೆ, ಕಂಬಳಿಯನ್ನು ಅಲ್ಲೇ ಬಿಟ್ಟು ಮನೆಗೆ ನಡೆದರು. ಹಾಗೆ ಎಂದೂ ಆಗಿರಲಿಲ್ಲ. ಕೂರಬೇಕೋ ಏಳಬೇಕೋ ಯಾರಿಗೂ ತಿಳಿಯಲಿಲ್ಲ. ಕೊನೆಗೆ ಪೂಜಾರಿ ಕಂಬಳಿಯನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡ.

ಆ ನಂತರದ ದಿನಗಳು ಸಭೆಗಿಂತ ಕಷ್ಟವಾಗಿದ್ದವು. ತೀರ್ಪು ಬಂದಿದ್ದರೆ ಸಹಿಸಬಹುದಿತ್ತು. ಬಣವೆಗೆ ಬೆಂಕಿ ಬೀಳಬಹುದೆಂದು ಅಪ್ಪ ಹುಲ್ಲನ್ನೆಲ್ಲ ಮನೆಯೊಳಗೆ ತುಂಬಿದ. ಚಿಕ್ಕಪ್ಪ ಒಬ್ಬನೇ ಹೊಲಕ್ಕೆ ಹೋಗುವುದನ್ನು ಬಿಟ್ಟ. ಗೌಡರ ತಂಗಿಯ ಮನೆಯಿಂದ ಒಲೆಯ ಹೊಗೆ ಏಳುತ್ತಿದೆಯೇ ಎಂದು ಅವ್ವ ದಿನಾ ಹಿತ್ತಲಿಗೆ ಹೋಗಿ ನೋಡಿ ಬರುತ್ತಿದ್ದಳು.

ಆಮೇಲೆ ಪೂಜಾರಿಯೇ ಬಂದು ಗೌಡರ ಮಾತು ತಿಳಿಸಿದ. ಕೊಯ್ಲಿನವರೆಗೆ ತೂಬಿಗೆ ಇಬ್ಬರು. ಒಬ್ಬನನ್ನು ಗೌಡರು ಹೇಳುವುದು, ಇನ್ನೊಬ್ಬನನ್ನು ಬಾಲದವರು ಹೇಳುವುದು. ಕೊಯ್ಲು ಮುಗಿದ ಮೇಲೆ ಮರದಡಿ ಅವರನ್ನು ಕೇಳಬಹುದು. "ವಾದ್ಯಾರ್ ಮಾತ್ರ ಈ ಊರಲ್ಲಿ ಪಳ್ಳಿಕೂಡ ಇಡೋದು ಬೇಡ ಅಂದ್ರು," ಎಂದು ಪೂಜಾರಿ ಮೆಲ್ಲಗೆ ಸೇರಿಸಿದ. ನನ್ನ ತಂಗಿಯ ಮದುವೆ ನಿಲ್ಲಲಿಲ್ಲ. ನಾನು ಮದುವೆಯ ಮರುದಿನ ಗಾಡಿ ಹತ್ತಿದೆ.

ಬಾಲದವರು ಆರಿಸಿದ್ದು ಚಿಕ್ಕಪ್ಪನನ್ನೇ. ಆ ಬೆಳೆಗೆ ನೀರು ಬಂತು. ಇಬ್ಬರಲ್ಲಿ ಜಗಳವೂ ಆಯಿತು, ಕೊಯ್ಲಿನ ನಂತರದ ಸಭೆಯಲ್ಲಿ ಚಿಕ್ಕಪ್ಪನಿಗೆ ಸಾಕಷ್ಟು ಬೈಗುಳವೂ ಬಿತ್ತು. ಕೆಲವು ವರ್ಷ ಆ ಏರ್ಪಾಡು ನಡೆಯಿತೆಂದು ಕೇಳಿದ್ದೇನೆ. ಆಮೇಲೆ ಸರ್ಕಾರದವರೇ ತೂಬಿಗೆ ಆಳಿಟ್ಟರು; ಗೌಡರ ಕೈಯಲ್ಲಿ ಏನೂ ಉಳಿಯಲಿಲ್ಲ.

ನನಗೆ ಮೊದಲು ಪಳನಿಯಲ್ಲಿ ಕೆಲಸ ಸಿಕ್ಕಿತು. ಹಲವು ವರ್ಷಗಳ ಮೇಲೆ, ಅಲ್ಲಿನ ಬೆಟ್ಟದ ದೇವರ ತೈಪೂಸದ ಜಾತ್ರೆಗೆ ಕಾವಡಿ ಹೊತ್ತವರ ಜೊತೆ ನಡೆದುಬಂದ ಗೌಡರು, ಯಾರನ್ನೋ ವಿಚಾರಿಸಿಕೊಂಡು ನನ್ನ ಮನೆಯ ಬಾಗಿಲಿಗೆ ಬಂದರು. ಮುಖ ಇಳಿದಿತ್ತು, ಕಾಲು ಊದಿತ್ತು. ಅವರನ್ನು ಕಂಡೊಡನೆ ಹೆಗಲ ಮೇಲಿನ ವಸ್ತ್ರ ತೆಗೆದು ಸೊಂಟಕ್ಕೆ ಕಟ್ಟಿಕೊಂಡೆ. ಹೆಂಡತಿಗೆ ನೀರು ತರಲು ಹೇಳಿದೆ. ಅವರು ಜಗಲಿಯ ಮೇಲೆ ಕೂತರು.

"ತಂಬಿ," ಎಂದರು. "ಆ ಇಬ್ಬರು. ಆರು ತಿಂಗಳು ಆಳಿ ಇಳೀತಾರಲ್ಲ. ಇಳಿದ ಮೇಲೆ ಅದೇ ಬೀದೀಲಿ ಎಂಗೆ ನಡೆದಾಡ್ತಾರೆ? ಅವರಿಗೆ ಭಯ ಆಗಲ್ವಾ?"

ನಾನು ಓದಿದ್ದರಲ್ಲಿ ಅದು ಎಲ್ಲೂ ಇರಲಿಲ್ಲ.

"ಆಗ್ತದೆ," ಎಂದರು ಗೌಡರು. ನೀರು ಕುಡಿದು, ಮಂಡಿಗೆ ಕೈ ಊರಿ ಎದ್ದು, ಬೆಟ್ಟದ ಮೆಟ್ಟಿಲು ಯಾವ ಕಡೆ ಎಂದು ಕೇಳಿಕೊಂಡು ಹೊರಟರು.