ಕನ್ನಡ ಮಿಸ್ ಪಾಸು ಮಾಡದ ಯಂತ್ರ

ನಮ್ಮ ಕನ್ನಡ ಮಿಸ್ ಅವರ ಬೆರಳುಗಳು ಗೆಣ್ಣಿನಲ್ಲಿ ಊದಿಕೊಂಡು, ಎಲ್ಲವೂ ಕಿರುಬೆರಳಿನ ಕಡೆಗೆ ವಾಲಿದ್ದವು. ನಿವೃತ್ತಿಯಾದ ಮೇಲೆ ಸಂಧಿವಾತ ಅವರನ್ನು ಹಾಗೆ ಹಿಡಿದಿತ್ತು. ಕಾಫಿ ಲೋಟವನ್ನು ಎರಡು ಅಂಗೈಗಳ ನಡುವೆ ಒತ್ತಿಕೊಂಡು ಕುಡಿಯುತ್ತಿದ್ದರು. ಕೆಳಗಿನ ಮನೆಯ, ಎಲ್ಲರೂ ಆಪಾ ಎಂದು ಕರೆಯುವ ಉರ್ದು ಮನೆಮಾತಿನ ಅಕ್ಕ ಶಿವಾಜಿನಗರದಿಂದ ತಂದುಕೊಟ್ಟ ಮಡಚುವ ಮರದ ಪೀಠದ ಮೇಲೆ ಪುಸ್ತಕ ತೆರೆದಿಟ್ಟು, ಎರಡು ಬದಿಗೂ ಬಟ್ಟೆ ಕ್ಲಿಪ್ಪು ಸಿಕ್ಕಿಸಿ, ಬಗ್ಗಿ ಓದುತ್ತಿದ್ದರು. ಹತ್ತು ನಿಮಿಷಕ್ಕೆ ಕತ್ತು ಹಿಡಿದುಕೊಳ್ಳುತ್ತಿತ್ತು. ಮಲಗಿಕೊಂಡು ಓದುವ ಜೀವಮಾನದ ಅಭ್ಯಾಸ ಅಲ್ಲಿಗೆ ತಪ್ಪಿಹೋಯಿತು.

ತೊಂಬತ್ತರ ದಶಕದಲ್ಲಿ, ಪುಲಿಕೇಶಿನಗರದ ನಮ್ಮ ಶಾಲೆಯಲ್ಲಿ ಕನ್ನಡವೆಂದರೆ ಪಾಸಾದರೆ ಸಾಕು ಎನ್ನುವ ವಿಷಯ. ಹಲಸೂರಿನ ನಮ್ಮ ಮನೆಯಲ್ಲಿ ತಮಿಳು, ಪಕ್ಕದಲ್ಲಿ ಕೂರುತ್ತಿದ್ದವಳ ಮನೆಯಲ್ಲಿ ಉರ್ದು. ಕೆ.ಆರ್. ಪುರದ ಕಡೆಯ ಒಕ್ಕಲು ಮನೆತನದಿಂದ ಬಂದ ಮಿಸ್ ಮಾತ್ರ, ನಾವೆಲ್ಲ ಕನ್ನಡದಲ್ಲೇ ಅಳುತ್ತ ಹುಟ್ಟಿದವರೆಂಬಂತೆ ಪಾಠ ಮಾಡುತ್ತಿದ್ದರು. ಒತ್ತಕ್ಷರ ಬಿಟ್ಟರೆ, "ಅದರ ಕಾಲು ಮುರಿದ್ಬಿಟ್ಯಲ್ಲೇ, ಇನ್ನು ಹೆಂಗೆ ನಡೀತದೆ ಅದು?" ಎನ್ನುತ್ತಿದ್ದರು. ಪುಸ್ತಕದ ಮೂಲೆ ಮಡಚಿದವರಿಗೆ ಮಾತ್ರ ಕ್ಷಮೆಯೇ ಇರಲಿಲ್ಲ. ಹಾಗೆ ಮಡಚಿ ಸಿಕ್ಕಿಬಿದ್ದ ನಾನು ಒಮ್ಮೆ ಇಡೀ ಪೀರಿಯಡ್ಡು ನಿಂತುಕೊಂಡು ಆ ಹಾಳೆಯನ್ನು ಉಗುರಿನಿಂದ ನೀವಿದ್ದೆ.

ಅವರು ಕಲಿಸಿದ ಕನ್ನಡವೇ ಮುಂದೆ ನನಗೆ ಅನ್ನ ಕೊಟ್ಟಿತು. ಇಂದಿರಾನಗರದ ಒಂದು ಜಾಹೀರಾತು ಕಂಪನಿಯಲ್ಲಿ ಕನ್ನಡ ಬರೆಯುವ ಕೆಲಸ ಸಿಕ್ಕಿತು. ಎರಡು ಸಾವಿರದ ಇಸವಿಯ ಮೊದಲ ದಶಕ ಮುಗಿಯುತ್ತ ಬಂದಾಗ ನಮ್ಮ ಮ್ಯಾನೇಜರ್ ಸಿಂಗಪುರದಿಂದ ಒಂದು ಇ-ಬುಕ್ ರೀಡರ್ ತಂದರು. ಸ್ಲೇಟಿಗಿಂತ ಹಗುರ. ಇಡೀ ಕಪಾಟಿನಷ್ಟು ಪುಸ್ತಕ ಅದರೊಳಗೆ ಹಿಡಿಸುತ್ತದಂತೆ. ಕೈಗೆತ್ತಿಕೊಂಡ ಕೂಡಲೇ ನನಗೆ ಮಿಸ್ ನೆನಪಾದರು. ಅವರಿಗೆ ಹೇಳದೆ ಒಂದು ತರಿಸಿಬಿಟ್ಟಿದ್ದರೆ ನನ್ನ ತಲೆನೋವು ತಪ್ಪುತ್ತಿತ್ತು. ಹೇಳಿಬಿಟ್ಟೆ.

"ತಗೊಳೋಷ್ಟು ಯೋಗ್ಯತೆ ಇದ್ಯಾ ಅದಕ್ಕೆ? ನೋಡ್ಬೇಕು," ಎಂದರು.

ಎಂಟು ತಿಂಗಳು ನೋಡಿದರು. ಪ್ರತಿ ಶನಿವಾರ ಅವರ ಮನೆಗೆ ಹೋದಾಗಲೂ ಒಂದು ಹೊಸ ಪ್ರಶ್ನೆ.

"ಪಕ್ಕದಲ್ಲಿ ಪೆನ್ಸಿಲಲ್ಲಿ ಬರ್ಕೋಬೋದಾ?"

"ಗುಂಡಿ ಒತ್ತಿ ಬರೀಬೋದು ಮಿಸ್."

"ಈ ಬೆರಳಲ್ಲಿ ಗುಂಡಿ ಒತ್ಲಾ?"

ಮುಂದಿನ ವಾರ: "ಓದಿ ಮುಗಿಸಿದ್ದನ್ನ ಆಪಾಗೆ ಕೊಡ್ಬೋದಾ?"

"ಧಾರಾಳವಾಗಿ ಕೊಡಿ."

"ಆಗ ನನ್ನ ಮಿಕ್ಕ ಪುಸ್ತಕಾನೂ ಅವಳ ಮನೆಗೇ ಹೋಗ್ಬಿಡ್ತವಲ್ಲೇ!"

ಹಳೆಯ ಹಾಜರಿ ಪುಸ್ತಕವೊಂದರಲ್ಲಿ 'ಬೇಕು', 'ಬೇಡ' ಎಂದು ಎರಡು ಕಲಂ ಮಾಡಿ, ಸೊಟ್ಟ ಅಕ್ಷರದಲ್ಲಿ ಕಾರಣಗಳನ್ನು ಬರೆಯುತ್ತಿದ್ದರು. ಒಂದು ಶನಿವಾರ ಎರಡೂ ಕಲಮಿನಲ್ಲಿ ಹನ್ನೊಂದು ಹನ್ನೊಂದು ಕಾರಣಗಳಿದ್ದವು. "ಸರಿಸಮ ಬಂದ್ಬಿಡ್ತು ಕಣೇ, ಇನ್ನೂ ಯೋಚಿಸ್ಬೇಕು," ಎಂದು ಸಂತೋಷದಿಂದ ಪುಸ್ತಕ ಮುಚ್ಚಿದರು. ನಾನು ಹಲ್ಲು ಕಚ್ಚಿಕೊಂಡು ಬಸ್ಸು ಹತ್ತಿದೆ.

ಕೊನೆಗೆ ಮ್ಯಾನೇಜರನ್ನು ಬೇಡಿ, ಆ ಯಂತ್ರವನ್ನೇ ಒಂದು ದಿನಕ್ಕೆ ತೆಗೆದುಕೊಂಡು ಹೋದೆ. ಮಿಸ್ ಅದನ್ನು ಅಂಗೈ ಮೇಲಿಟ್ಟು ತೂಗಿದರು, ಮಲಗಿ ಎದೆಯ ಮೇಲೆ ಇಟ್ಟುಕೊಂಡರು. ಅವರ ಮುಖ ಅರಳಿದ್ದು ಕಂಡು, ಗೆದ್ದೆ ಎಂದುಕೊಂಡೆ.

"ಕನ್ನಡ ತೆಗಿ ನೋಡೋಣ."

ನಾನೇ ಬರೆದಿದ್ದ ಒಂದು ಪುಟವನ್ನು ಅದಕ್ಕೆ ಹಾಕಿಕೊಂಡು ಬಂದಿದ್ದೆ. ತೆರೆದರೆ ಸಾಲು ಸಾಲಾಗಿ ಖಾಲಿ ಚೌಕಗಳು. ಒಂದು ಅಕ್ಷರವೂ ಇಲ್ಲ.

"ಇದೇನೇ, ಬರೀ ಡಬ್ಬಿ ಜೋಡ್ಸಿದ್ದಾನೆ!"

"ಕನ್ನಡ ಇನ್ನೂ ಬಂದಿಲ್ಲ ಮಿಸ್. ಬರುತ್ತೆ. ಅಲ್ಲೀವರೆಗೂ ಇಂಗ್ಲಿಷ್ ಓದಿ. ನಿಮಗೇನು ಇಂಗ್ಲಿಷ್ ಬರಲ್ವಾ?"

"ಬರುತ್ತೆ. ಆದ್ರೆ ಮೈ ನೋಯುವಾಗ ಇಂಗ್ಲಿಷ್ ಓದೋಕೆ ಆಗಲ್ಲ ನಂಗೆ."

ಎಂಟು ತಿಂಗಳ ಸಿಟ್ಟು ಒಮ್ಮೆಲೇ ಉಕ್ಕಿತು. "ಬೇಡ ಅಂದ್ರೆ ಬೇಡ ಅನ್ನಿ ಮಿಸ್! ನನ್ನ ಶನಿವಾರಗಳನ್ನೆಲ್ಲ ತಿಂದ್ಬಿಟ್ರಿ. ಓದಲೇಬೇಡಿ, ಹೀಗೇ ಕೂತಿರಿ!" ಎಂದು ಕೂಗಿ ಎದ್ದು ಬಂದೆ. ಆಡಿದ್ದು ತಪ್ಪು ಎಂದು ಮೆಟ್ಟಿಲು ಇಳಿಯುವಷ್ಟರಲ್ಲೇ ಗೊತ್ತಾಯಿತು. ಆದರೂ ಹಿಂದಿರುಗಿ ಹತ್ತಲಿಲ್ಲ. ಒಂದೂವರೆ ತಿಂಗಳು ಆ ಕಡೆ ತಲೆ ಹಾಕಲಿಲ್ಲ.

ಮತ್ತೆ ಹೋದಾಗ ಮಿಸ್ ಮಲಗಿಕೊಂಡು ಓದುತ್ತಿದ್ದರು. ಕೈಯಲ್ಲಿದ್ದದ್ದು ಶಾಲೆಯ ನೋಟ್‌ಬುಕ್ಕಿನಷ್ಟು ತೆಳ್ಳಗಿನ ಪುಸ್ತಕ. ಮಂಚದ ಪಕ್ಕದಲ್ಲಿ ಅಂಥವೇ ಹತ್ತಾರು, ಒಂದೊಂದರ ಮೇಲೂ ಒಂದು, ಎರಡು, ಮೂರು ಎಂಬ ಅಂಕಿ. ಎತ್ತಿ ನೋಡಿದರೆ ಇನ್ನೂರ ಹತ್ತನೇ ಪುಟದಿಂದ ಶುರು. ತಮ್ಮ ದಪ್ಪ ಕಾದಂಬರಿಗಳನ್ನೆಲ್ಲ ಆಟೋದಲ್ಲಿ ಹಾಕಿಕೊಂಡು ಶಿವಾಜಿನಗರದ ಬೈಂಡರ್ ಬಳಿಗೆ ಹೋಗಿ, ಹೊಲಿಗೆ ಬಿಚ್ಚಿಸಿ, ಒಂದೊಂದನ್ನೂ ಐದೈದು ಭಾಗ ಮಾಡಿಸಿ ತಂದಿದ್ದರು.

"ಮಿಸ್, ಮೂಲೆ ಮಡಚಿದ್ದಕ್ಕೆ ನನ್ನನ್ನ ನಿಲ್ಲಿಸಿದ್ರಿ!"

"ನೀನು ಸೋಮಾರಿತನಕ್ಕೆ ಮಡಚ್ದೆ," ಎಂದರು, ಪುಟದಿಂದ ಕಣ್ಣು ತೆಗೆಯದೆ. "ಬೈಂಡರ್ ಕೂಡ ಒಪ್ಲಿಲ್ಲ, 'ಪಾಪ ಬರುತ್ತೆ ಅಮ್ಮಾ' ಅಂದ. ಬಂದ್ರೆ ನಂಗೆ ಬರ್ಲಿ, ನೀನು ಕತ್ತರಿಸು ಅಂದೆ. ಕೂತ್ಕೊ. ಕಾಫಿ ನೀನೇ ಮಾಡ್ಕೋಬೇಕು."

ನನ್ನ ಕೂಗಾಟದ ಮಾತನ್ನು ಅಂದೂ ಎತ್ತಲಿಲ್ಲ, ಆಮೇಲೂ ಎತ್ತಲಿಲ್ಲ.

ಆಮೇಲೆ ಎರಡು ವರ್ಷ ಮಲಗಿಕೊಂಡೇ ಓದಿದರು. ಅವರು ಎರಡನೇ ಭಾಗಕ್ಕೆ ಬಂದರೆ ಮೊದಲನೆಯದು ಆಪಾಗೆ, ಅವಳಿಂದ ಮುಂದಿನ ಬೀದಿಯ ಟೈಲರ್ ಹೆಂಗಸಿಗೆ, ಅಲ್ಲಿಂದ ಬೆನ್ಸನ್ ಟೌನಿನ ಒಬ್ಬ ನರ್ಸಿಗೆ. ಒಂದೇ ಕಾದಂಬರಿ ನಾಲ್ಕು ಮನೆಗಳಲ್ಲಿ ಓಡಾಡುತ್ತಿತ್ತು. ಯಾರಾದರೂ ಭಾಗ ತಡಮಾಡಿದರೆ ಹಿಂದಿನವರೆಲ್ಲ ಮಿಸ್‌ಗೆ ಫೋನು. ಮಿಸ್ ನನಗೆ ಫೋನು: "ಹೋಗಿ ಇಸ್ಕೊಂಬಾರೆ." ಆಫೀಸಿನಲ್ಲಿ ಮೀಟಿಂಗ್ ನಡುವೆ ಇಂಥ ಕರೆ ಎಷ್ಟು ಬಂದವೋ.

ಒಂದು ಮಧ್ಯಾಹ್ನ ಆಪಾ ಫೋನು ಮಾಡಿದಳು. ಊಟವಾದ ಮೇಲೆ ಮಲಗಿದ ಮಿಸ್ ಮತ್ತೆ ಏಳಲಿಲ್ಲವಂತೆ.

ಮೂರನೇ ದಿನ ಟೈಲರ್ ಹೆಂಗಸು ಮಿಸ್ ಮನೆಯ ಬಾಗಿಲಲ್ಲಿ ನಿಂತಳು. ಕಣ್ಣು ಕೆಂಪಾಗಿತ್ತು, ಸೆರಗಿನಡಿ ಒಂದು ಭಾಗವಿತ್ತು. "ಈಗ ಕೇಳ್ಬಾರ್ದು ಮೇಡಂ. ಆದ್ರೂ... ಇದು ಮೂರನೇದು. ನಾಲ್ಕನೇದು ಯಾರತ್ರ ಇದೆ?"

ಸುಸ್ತಾಗಿದ್ದೆ, ರೇಗಿತು. "ಕಥೆ ತಾನೇ? ನಾನೇ ಹೇಳ್ಬಿಡ್ತೀನಿ, ಕೇಳಿ," ಎಂದೆ.

ಅವಳು ಎರಡೂ ಕಿವಿ ಮುಚ್ಚಿಕೊಂಡಳು. "ಬ್ಯಾಡ ಬ್ಯಾಡ! ಮಿಸ್ಸೂ ಹೇಳ್ತಿರ್ಲಿಲ್ಲ. ನಾನೇ ಓದ್ತೀನಿ."

ನಾಲ್ಕನೆಯದು ಆಪಾಳ ಬಳಿ ಇತ್ತು. ಇನ್ನೂ ಮೂವತ್ತು ಪುಟ ಬಾಕಿ ಇದೆ, ಕೊಡುವುದಿಲ್ಲ ಎಂದಳು. ಇಬ್ಬರನ್ನೂ ಸಮಾಧಾನ ಮಾಡುವಷ್ಟರಲ್ಲಿ ನನಗೇ ಅಳು ಬಂತು.

ಆ ತುಂಡು ಪುಸ್ತಕಗಳು ಈಗ ನನ್ನ ಜವಾಬ್ದಾರಿ. ಯಾವ ಭಾಗ ಯಾರ ಮನೆಯಲ್ಲಿದೆ ಎಂದು ಹುಡುಕುವುದರಲ್ಲೇ ಅರ್ಧ ಶನಿವಾರ ಹೋಗುತ್ತದೆ. ದಾರಿಯುದ್ದಕ್ಕೂ ಮಿಸ್ ಅವರನ್ನು ಬೈದುಕೊಳ್ಳುತ್ತೇನೆ, ಅವರು ಕಲಿಸಿದ ಕನ್ನಡದಲ್ಲೇ.